ಆಂಗ್ಲಿಕನ್ ಸಭೆ ಒಡೆಯುತ್ತಿರುವುದು ಸಲಿಂಗ ಸಂಬಂಧದ ಪ್ರಶ್ನೆಗೋ, ಅಧಿಕಾರದ ಪ್ರಶ್ನೆಗೋ?

ನೇತ್ರಾವತಿ_ತೀರ:
2025ರ ಅಕ್ಟೋಬರ್ 16ರಂದು ಸಂಪ್ರದಾಯಸ್ಥ ಆಂಗ್ಲಿಕನ್ನರ ಗ್ಯಾಫ್‌ಕಾನ್ ಒಕ್ಕೂಟದ ಅಧ್ಯಕ್ಷರಾದ ರುವಾಂಡದ ಆರ್ಚ್‌ಬಿಷಪ್ ಲಾರೆಂಟ್ ಎಂಬಾಂಡ ಅವರು ಹೊರಡಿಸಿದ ಹೇಳಿಕೆಯನ್ನು ಓದಿದ ಮೇಲೆ ಈ ಪ್ರಶ್ನೆಯನ್ನು ಇಲ್ಲಿಡುತ್ತಿದ್ದೇನೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಜಗತ್ತಿನ ಆಂಗ್ಲಿಕನ್ ಬಿಷಪ್ಪರು ಸೇರುವ ಲ್ಯಾಂಬೆತ್ ಸಮ್ಮೇಳನ, ಆಂಗ್ಲಿಕನ್ ಸಲಹಾ ಮಂಡಲಿ, ಪ್ರಾಂತ್ಯಗಳ (ಅಂದರೆ ಬೇರೆ ಬೇರೆ ದೇಶಗಳ ಸಭೆಗಳ) ಮುಖ್ಯಸ್ಥರ ಸಭೆ, ಈ ನಾಲ್ಕನ್ನೂ ತಾವು ಇನ್ನು ಮಾನ್ಯ ಮಾಡುವುದಿಲ್ಲವೆಂದೂ ನಿಜವಾದ ಜಾಗತಿಕ ಆಂಗ್ಲಿಕನ್ ಬಳಗ ತಾವೇ ಎಂದೂ ಅದರಲ್ಲಿ ಸಾರಿದ್ದಾರೆ. ಅದಕ್ಕೆ ಎರಡು ವಾರ ಮೊದಲಷ್ಟೇ, ಅಕ್ಟೋಬರ್ 3ರಂದು, ಲಂಡನ್ನಿನ ಬಿಷಪ್ ಸಾರಾ ಮುಲ್ಲಲಿ ಅವರನ್ನು ಕ್ಯಾಂಟರ್ಬರಿಯ 106ನೆಯ ಆರ್ಚ್‌ಬಿಷಪ್ ಆಗಿ ಹೆಸರಿಸಲಾಗಿತ್ತು.

ನಾನು ಮಂಗಳೂರಿನ ಸಿಎಸ್‌ಐ, ಅಂದರೆ ಆಂಗ್ಲಿಕನ್ನರೂ ಇತರ ಪ್ರೊಟೆಸ್ಟಂಟರೂ ಕೂಡಿ ಕಟ್ಟಿದ ದಕ್ಷಿಣ ಭಾರತ ಸಭೆಯವಳು. ನಮ್ಮ ಹಿರಿಯರು ಬಾಸೆಲ್ ಮಿಶನ್ ಮೂಲದವರಾದರೂ, 1947ರಲ್ಲಿ ಸಿಎಸ್‌ಐ ಹುಟ್ಟಿದ ರೀತಿಯಿಂದಾಗಿ ನಾವೂ ಇಂದು ಆಂಗ್ಲಿಕನ್ ಬಳಗದ ಪೂರ್ಣ ಸದಸ್ಯ ಸಭೆಯೊಂದಕ್ಕೆ ಸೇರಿದವರು. ಇಷ್ಟು ದೊಡ್ಡ ಬಿರುಕಿನ ಬಗ್ಗೆ ನಮ್ಮ ಬೋಧನಾಪೀಠದಿಂದ ಇದುವರೆಗೆ ಒಂದು ಮಾತನ್ನೂ ನಾನು ಕೇಳಿಲ್ಲ. ಈ ಜಗಳ ನಿಜವಾಗಿ ಸಲಿಂಗ ಸಂಬಂಧದ ಕುರಿತದ್ದೇ, ಅಥವಾ ಸತ್ಯವೇದವನ್ನು ವ್ಯಾಖ್ಯಾನಿಸುವ ಕೊನೆಯ ಹಕ್ಕು ಯಾರದು ಎಂಬುದರ ಕುರಿತದ್ದೇ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಇತಿಹಾಸಪ್ರಿಯ:
ಎರಡನೆಯದು ಎಂಬುದು ನನ್ನ ಉತ್ತರ. ಎಲ್ಲರೂ ಈ ಕಥೆಯನ್ನು 2003ರಿಂದ ಆರಂಭಿಸುತ್ತಾರೆ. ಆ ವರ್ಷ ನವೆಂಬರ್ 2ರಂದು ಪುರುಷ ಸಂಗಾತಿಯೊಡನೆ ಬಹಿರಂಗವಾಗಿ ಬಾಳುತ್ತಿದ್ದ ಜೀನ್ ರಾಬಿನ್ಸನ್ ಅವರಿಗೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಬಿಷಪ್ ಆಗಿ ಅಭಿಷೇಕವಾಯಿತು. ಪ್ರಾಣಬೆದರಿಕೆಗಳಿದ್ದ ಕಾರಣ ಅವರು ನಿಲುವಂಗಿಯ ಒಳಗೆ ಗುಂಡು ನಿರೋಧಕ ಕವಚ ತೊಟ್ಟಿದ್ದರು. ಆದರೆ ಬಿರುಕಿನ ಬೇರು ಇನ್ನೂ ಆಳದಲ್ಲಿದೆ. 1867ರಲ್ಲಿ ಮೊದಲ ಲ್ಯಾಂಬೆತ್ ಸಮ್ಮೇಳನ ಸೇರಿದ್ದೇ ದಕ್ಷಿಣ ಆಫ್ರಿಕಾದ ನಟಾಲ್‌ನ ಬಿಷಪ್ ಕೊಲೆನ್ಸೊ ಅವರ ಸತ್ಯವೇದ ವ್ಯಾಖ್ಯಾನದ ಕುರಿತ ಗಲಾಟೆಯ ಹಿನ್ನೆಲೆಯಲ್ಲಿ. ಒಂದು ಪ್ರಾಂತ್ಯದ ಬಿಷಪ್ ಬೇರೆಯವರಿಗೆ ಸಹಿಸಲಾಗದ ಮಾತನ್ನಾಡಿದರೆ ಅವನನ್ನು ತಡೆಯುವವರು ಯಾರು ಎಂಬ ಪ್ರಶ್ನೆ ಅಂದೇ ಎದ್ದಿತ್ತು. ಆ ಸಮ್ಮೇಳನಕ್ಕೆ ಶಾಸನ ಮಾಡುವ ಅಧಿಕಾರ ಬೇಡವೆಂದು ಅಂದೇ ತೀರ್ಮಾನವಾಯಿತು. ರೋಮಿನಂತೆ ಇಲ್ಲಿ ಪೋಪ್ ಇಲ್ಲ. ಕ್ಯಾಂಟರ್ಬರಿಯವರು ಸಮಾನರಲ್ಲಿ ಮೊದಲಿಗರು, ಅಷ್ಟೆ. ನಲವತ್ತಕ್ಕೂ ಹೆಚ್ಚು ಪ್ರಾಂತ್ಯಗಳಲ್ಲಿ ಪ್ರತಿಯೊಂದೂ ಸ್ವತಂತ್ರ. ಹೀಗೆ ಕಟ್ಟಿಕೊಂಡ ಮನೆಯಲ್ಲಿ ಆಜ್ಞೆ ಕೊಡುವವರನ್ನು ಹುಡುಕಲು ಹೊರಟರೆ ಜಗಳವಲ್ಲದೆ ಬೇರೇನೂ ಸಿಗದು.

ಸುಮತಿ_ಮೈಸೂರು:
ಅಧಿಕಾರದ ಪ್ರಶ್ನೆ ಎನ್ನುವವರು ನಿಜವಾದ ಮನುಷ್ಯರ ಪ್ರಶ್ನೆಯನ್ನು ಬದಿಗೆ ಸರಿಸುತ್ತಿದ್ದಾರೆ ಎಂದು ನನಗನಿಸುತ್ತದೆ. ಕೊಲೆನ್ಸೊ ಗಲಾಟೆಯಿಂದ ಯಾರೂ ಮನೆ ಬಿಟ್ಟು ಹೋಗಬೇಕಾಗಿರಲಿಲ್ಲ.

ದೇವದಾಸ_ಗದಗ:
ನಾನು ಸಾಂಪ್ರದಾಯಿಕ ಬೋಧನೆಯನ್ನು ಒಪ್ಪುವವನು, ಆದ್ದರಿಂದ ಆ ಕಡೆಯ ವಾದವನ್ನು ಸ್ಪಷ್ಟವಾಗಿ ಇಡುವುದು ನನ್ನ ಕರ್ತವ್ಯ. ಚರ್ಚೆ ಯಾಜಕಕಾಂಡ 18:22ರ ಮೇಲೆ ಮಾತ್ರ ನಿಂತಿಲ್ಲ. ಮತ್ತಾಯ 19ರಲ್ಲಿ ಯೇಸುವನ್ನು ವಿವಾಹ ವಿಚ್ಛೇದನದ ಬಗ್ಗೆ ಕೇಳಿದಾಗ ಆತನು ಆದಿಕಾಂಡಕ್ಕೆ ಹಿಂದಿರುಗಿ, ದೇವರು ಗಂಡುಹೆಣ್ಣಾಗಿ ಉಂಟುಮಾಡಿದನೆಂಬುದನ್ನೇ ಮದುವೆಯ ತಳಹದಿಯಾಗಿ ತೋರಿಸಿದನು. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯದಲ್ಲಿ ಹೇಳುವುದೂ ಸೃಷ್ಟಿಯ ಆ ಕ್ರಮದ ಆಧಾರದ ಮೇಲೆಯೇ. ಎರಡು ಸಾವಿರ ವರ್ಷ ಇಡೀ ಕ್ರೈಸ್ತಲೋಕ ಒಪ್ಪಿಕೊಂಡು ಬಂದದ್ದನ್ನು ಒಂದೆರಡು ಶ್ರೀಮಂತ ದೇಶಗಳ ಸಭೆಗಳು ಉಳಿದವರನ್ನು ಕೇಳದೆ ಬದಲಿಸಿ, ಬಳಿಕ ಒಗ್ಗಟ್ಟಿನ ಹೆಸರಿನಲ್ಲಿ ಸುಮ್ಮನಿರಿ ಎಂದರೆ ಆಫ್ರಿಕಾದವರು ಏಕೆ ಸುಮ್ಮನಿರಬೇಕು? ಅವರಿಗೆ ಸುವಾರ್ತೆಯನ್ನು ಕೊಂಡೊಯ್ದವರು ಕೈಗಿಟ್ಟದ್ದು ಇದೇ ಸತ್ಯವೇದವನ್ನು. ಇದನ್ನು ದ್ವೇಷವೆಂದು ಕರೆಯುವುದು ಅನ್ಯಾಯ.

ಕಾನೂನು_ಓದುಗ:
ಎರಡೂ ಕಡೆಯವರು ಉಲ್ಲೇಖಿಸುವ, ಆದರೆ ಕೆಲವರು ಮಾತ್ರ ಪೂರ್ತಿ ಓದುವ ದಾಖಲೆ 1998ರ ಲ್ಯಾಂಬೆತ್ ನಿರ್ಣಯ 1.10. ಅದು 526 ಮತಗಳಿಂದ ಅಂಗೀಕಾರವಾಯಿತು. 70 ಮಂದಿ ವಿರೋಧಿಸಿದರು, 45 ಮಂದಿ ತಟಸ್ಥರಾಗಿದ್ದರು. ಸಲಿಂಗ ಲೈಂಗಿಕ ಆಚರಣೆ ಧರ್ಮಗ್ರಂಥಕ್ಕೆ ಹೊಂದುವುದಿಲ್ಲ, ಅಂಥ ಜೋಡಿಗಳಿಗೆ ಆಶೀರ್ವಾದವನ್ನಾಗಲಿ ಅಂಥ ಸಂಬಂಧದಲ್ಲಿರುವವರಿಗೆ ಪಾದ್ರಿ ದೀಕ್ಷೆಯನ್ನಾಗಲಿ ಕೊಡುವಂತೆ ಸಲಹೆ ಮಾಡಲಾಗದು ಎಂಬ ಮಾತು ಅದರಲ್ಲಿದೆ. ಅದೇ ನಿರ್ಣಯದಲ್ಲಿ, ಸಲಿಂಗ ಒಲವುಳ್ಳವರ ಅನುಭವವನ್ನು ನಾವು ಆಲಿಸುತ್ತೇವೆ, ಅವರನ್ನು ದೇವರು ಪ್ರೀತಿಸುತ್ತಾನೆ, ದೀಕ್ಷಾಸ್ನಾನ ಪಡೆದ ಎಲ್ಲ ವಿಶ್ವಾಸಿಗಳೂ ಕ್ರಿಸ್ತನ ದೇಹದ ಪೂರ್ಣ ಅಂಗಗಳು, ಅವರ ಬಗೆಗಿನ ವಿವೇಚನೆಯಿಲ್ಲದ ಭಯವನ್ನು ಖಂಡಿಸಬೇಕು ಎಂಬ ಮಾತುಗಳೂ ಇವೆ. ಮೊದಲ ಅರ್ಧವನ್ನು ಮುಂದಿನ ಇಪ್ಪತ್ತೇಳು ವರ್ಷ ಕಾನೂನಿನಂತೆ ಬಳಸಲಾಯಿತು. ಎರಡನೆಯ ಅರ್ಧಕ್ಕಾಗಿ ಯಾವ ಪ್ರಾಂತ್ಯವನ್ನೂ ಯಾರೂ ಬಳಗದಿಂದ ಹೊರಗಿಡುವ ಮಾತಾಡಲಿಲ್ಲ. ಆ ಸಮ್ಮೇಳನ ನಡೆಯುತ್ತಿದ್ದಾಗಲೇ ನೈಜೀರಿಯಾದ ಬಿಷಪ್ ಒಬ್ಬರು ಕ್ಯಾಮೆರಾಗಳೆದುರು, ಬ್ರಿಟನ್ನಿನ ಸಲಿಂಗಿ ಕ್ರೈಸ್ತರ ಸಂಘಟನೆಯ ಪ್ರಮುಖರೊಬ್ಬರ ತಲೆಯ ಮೇಲೆ ಕೈಯಿಟ್ಟು ದೆವ್ವ ಬಿಡಿಸಲು ಹೊರಟರು. ಆಲಿಸುವ ವಾಗ್ದಾನ ಯಾವ ವಾತಾವರಣದಲ್ಲಿ ಹುಟ್ಟಿತೆಂಬುದು ಇದರಿಂದ ತಿಳಿಯುತ್ತದೆ.

ನೇತ್ರಾವತಿ_ತೀರ:
ಈ ಎರಡನೆಯ ಅರ್ಧದ ಬಗ್ಗೆ ನಾನು ಎಲ್ಲಿಯೂ ಓದಿರಲಿಲ್ಲ. ಧನ್ಯವಾದಗಳು. ಇಂಗ್ಲೆಂಡಿನಲ್ಲಿ ಇರುವವರು ಯಾರಾದರೂ ಅಲ್ಲಿಯ ಸಭೆಗಳ ಸ್ಥಿತಿಯನ್ನು ತಿಳಿಸುವಿರಾ?

ಲೀಡ್ಸ್_ಕನ್ನಡಿಗ:
ನಾನು ಇಲ್ಲಿಯ ಒಂದು ಪ್ಯಾರಿಷ್ ಸಭೆಯ ಸದಸ್ಯ. 2023ರ ಫೆಬ್ರವರಿಯಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಆಡಳಿತ ಸಭೆಯಾದ ಜನರಲ್ ಸಿನೊಡ್ ಸಲಿಂಗ ಜೋಡಿಗಳಿಗಾಗಿ ಆಶೀರ್ವಾದದ ಪ್ರಾರ್ಥನೆಗಳನ್ನು ಸ್ವಾಗತಿಸಿತು. ಬಿಷಪ್ಪರಲ್ಲಿ 36ಕ್ಕೆ 4, ಪಾದ್ರಿಗಳಲ್ಲಿ 111ಕ್ಕೆ 85, ಸಾಮಾನ್ಯ ಸದಸ್ಯರಲ್ಲಿ 103ಕ್ಕೆ 92, ಹೀಗಿತ್ತು ಮತ. ಕೊನೆಯ ಎರಡು ಸಂಖ್ಯೆಗಳನ್ನು ನೋಡಿದರೆ, ಎಷ್ಟು ಸಮೀಪದ ಗೆಲುವು ಎಂಬುದು ಗೊತ್ತಾಗುತ್ತದೆ. ಆ ವರ್ಷದ ಡಿಸೆಂಬರಿನಿಂದ ಸಾಮಾನ್ಯ ಆರಾಧನೆಯ ನಡುವೆ ಆ ಪ್ರಾರ್ಥನೆಗಳನ್ನು ಬಳಸಬಹುದಾಗಿದೆ. ಅದು ಮದುವೆಯಲ್ಲ, ಮದುವೆ ಮಾಡಿಸುವುದಕ್ಕೆ 2013ರ ಕಾನೂನೇ ಈ ಸಭೆಯನ್ನು ತಡೆಯುತ್ತದೆ. ಪಾದ್ರಿಗಳು ತಾವೇ ಸಲಿಂಗ ಮದುವೆಯಾಗುವುದಕ್ಕೂ ಅನುಮತಿಯಿಲ್ಲ.

ನಮ್ಮ ಸಭೆಯಲ್ಲಿ ವರ್ಷಗಳಿಂದ ಪಕ್ಕಪಕ್ಕದಲ್ಲೇ ಕೂರುವ ಇಬ್ಬರು ಮಹಿಳೆಯರಿಗೆ ಈ ಪ್ರಾರ್ಥನೆ ನಡೆದ ಭಾನುವಾರ, ಮೂರು ಕುಟುಂಬಗಳು ಮುಂಚಿತವಾಗಿಯೇ ತಿಳಿಸಿ ಬರಲಿಲ್ಲ. ಅವರಲ್ಲಿ ಎರಡು ಕುಟುಂಬಗಳು ಮುಂದಿನ ವಾರ ಹಿಂದಿರುಗಿದವು, ಒಂದು ಕುಟುಂಬ ಬೇರೆ ಸಭೆಗೆ ಹೋಯಿತು. ಹೋದವರ ತಾಯಿಗೆ ಕಾಯಿಲೆಯಾದಾಗ ದಿನವೂ ಊಟ ಒಯ್ದವರು ಆ ಇಬ್ಬರು ಮಹಿಳೆಯರೇ. ಇದರಿಂದ ಯಾರ ವ್ಯಾಖ್ಯಾನ ಸರಿ ಎಂಬುದು ತೀರ್ಮಾನವಾಗುವುದಿಲ್ಲವೆಂಬುದು ನನಗೆ ಗೊತ್ತಿದೆ. ಆದರೂ ಸಿನೊಡ್ಡಿನ ಮತಎಣಿಕೆಯಲ್ಲಿ ಕಾಣದ ಜೀವನ ಪ್ಯಾರಿಷ್‌ಗಳಲ್ಲಿ ಹೀಗೆ ನಡೆಯುತ್ತಿದೆ ಎಂದು ಹೇಳಬೇಕೆನಿಸಿತು.

ದೇವದಾಸ_ಗದಗ:
ನಿಮ್ಮ ಅನುಭವವನ್ನು ಗೌರವಿಸುತ್ತೇನೆ. ಆದರೆ ಪಾದ್ರಿಗಳಲ್ಲೂ ಸಾಮಾನ್ಯ ಸದಸ್ಯರಲ್ಲೂ ಸುಮಾರು ಅರ್ಧದಷ್ಟು ಜನ ಒಪ್ಪದ ಬದಲಾವಣೆಯನ್ನು, ಬೋಧನೆ ಬದಲಾಗಿಲ್ಲ ಎಂದು ಹೇಳುತ್ತಲೇ ಜಾರಿಗೆ ತರುವುದು ಪ್ರಾಮಾಣಿಕವೇ? ಬೋಧನೆಯನ್ನು ಬದಲಿಸುವುದಾದರೆ ಬದಲಿಸಿದ್ದೇವೆಂದು ಹೇಳಿ, ಮೂರನೆಯ ಎರಡರಷ್ಟು ಬಹುಮತ ಪಡೆಯಬೇಕಿತ್ತು. ಜಾಗತಿಕ ದಕ್ಷಿಣದ ಸಭೆಗಳ ಒಕ್ಕೂಟ ಅದೇ ತಿಂಗಳಲ್ಲಿ ಆಗಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅವರನ್ನು ಬಳಗದ ಮುಖ್ಯಸ್ಥರೆಂದು ಒಪ್ಪಲಾಗದು ಎಂದದ್ದು ಈ ಇಬ್ಬಗೆಯ ಮಾತಿಗೆ ಬೇಸತ್ತೇ.

ಇತಿಹಾಸಪ್ರಿಯ:
ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಆ ಒಕ್ಕೂಟವೂ ಗ್ಯಾಫ್‌ಕಾನೂ ಒಂದೇ ಅಲ್ಲ, ಹಲವು ಪ್ರಾಂತ್ಯಗಳು ಎರಡರಲ್ಲೂ ಇವೆ, ಅಷ್ಟೆ. 2022ರ ಲ್ಯಾಂಬೆತ್ ಸಮ್ಮೇಳನಕ್ಕೆ ನೈಜೀರಿಯಾ, ಉಗಾಂಡಾ, ರುವಾಂಡಗಳು ಹೋಗಲೇ ಇಲ್ಲ. ಜಾಗತಿಕ ದಕ್ಷಿಣದ ಇತರ ಹಲವರು ಹೋಗಿ ಕುಳಿತು ವಾದಿಸಿದರು, ಸಲಿಂಗ ಸಂಗಾತಿಯಿರುವ ಬಿಷಪ್ಪರ ಜೊತೆ ಪ್ರಭುಭೋಜನ ಮಾತ್ರ ಸ್ವೀಕರಿಸಲಿಲ್ಲ. ಮನೆಯೊಳಗಿದ್ದು ಪ್ರತಿಭಟಿಸುವವರಿಗೂ ಹೊರಗೆ ಹೋಗಿ ಇದೇ ನಿಜವಾದ ಮನೆ ಎನ್ನುವವರಿಗೂ ಬಹಳ ವ್ಯತ್ಯಾಸವಿದೆ.

ಮಹಿಳೆ ಎಂಬ ಕಾರಣಕ್ಕೇ ಮುಲ್ಲಲಿ ಅವರನ್ನು ಎಲ್ಲರೂ ತಿರಸ್ಕರಿಸಿದರು ಎಂಬ ಮಾತೂ ಅಲ್ಲಲ್ಲಿ ಕೇಳಿಬರುತ್ತಿದೆ. ಅವರ ಹೆಸರು ಪ್ರಕಟವಾದಾಗ ಗ್ಯಾಫ್‌ಕಾನ್ ಕೊಟ್ಟ ಹೇಳಿಕೆಯಲ್ಲಿ ಆ ವಿಷಯ ಇದ್ದದ್ದು ನಿಜ. ಆದರೆ ಆ ಬಳಗದಲ್ಲೇ ಇರುವ ಕೆನ್ಯಾದಲ್ಲಿ 2021ರಿಂದ ಮಹಿಳಾ ಬಿಷಪ್ಪರಿದ್ದಾರೆ. ಆಶೀರ್ವಾದದ ಪ್ರಾರ್ಥನೆಗಳ ಪ್ರಕ್ರಿಯೆಯನ್ನು ಮುಂದೆ ನಿಂತು ನಡೆಸಿದವರು ಮುಲ್ಲಲಿ ಎಂಬುದು ದೊಡ್ಡ ಆಕ್ಷೇಪ.

ಹುಬ್ಬಳ್ಳಿ_ನಿರ್ಮಲ:
ಬೋಧನೆ ಎಂದೂ ಬದಲಾಗಿಲ್ಲ ಎನ್ನುವವರು ಬಹುಪತ್ನಿತ್ವದ ಕಥೆಯನ್ನು ನೋಡಬೇಕು. 1888ರ ಲ್ಯಾಂಬೆತ್ ಸಮ್ಮೇಳನ, ಹಲವು ಹೆಂಡಿರುಳ್ಳ ಗಂಡಸಿಗೆ ದೀಕ್ಷಾಸ್ನಾನವೇ ಬೇಡವೆಂದು ತೀರ್ಮಾನಿಸಿತು. ಸಭೆಗೆ ಸೇರಬೇಕೆಂದರೆ ಒಬ್ಬಳನ್ನು ಇಟ್ಟುಕೊಂಡು ಉಳಿದವರನ್ನು ಹೊರಗೆ ಕಳುಹಿಸಬೇಕಾಗಿತ್ತು. ಹಾಗೆ ಹೊರಬಿದ್ದ ಹೆಂಗಸರ ಮತ್ತು ಮಕ್ಕಳ ಗತಿ ಏನಾಯಿತೆಂಬುದನ್ನು ಯೋಚಿಸಿ. ಸರಿಯಾಗಿ ನೂರು ವರ್ಷಗಳ ನಂತರ, 1988ರಲ್ಲಿ, ಆಫ್ರಿಕಾದ ಬಿಷಪ್ಪರ ಒತ್ತಾಯದಿಂದಲೇ ಆ ನಿಯಮ ಸಡಿಲವಾಯಿತು: ಇನ್ನು ಮುಂದೆ ಬೇರೆ ಮದುವೆಯಾಗುವುದಿಲ್ಲವೆಂದು ಮಾತು ಕೊಟ್ಟರೆ, ಸ್ಥಳೀಯ ಸಭೆ ಒಪ್ಪಿದರೆ, ಇಡೀ ಕುಟುಂಬದೊಡನೆ ಅವನನ್ನು ಸೇರಿಸಿಕೊಳ್ಳಬಹುದು. ಅಂದು ಪಶ್ಚಿಮದವರು ಆಫ್ರಿಕಾದ ಮಾತನ್ನು ಆಲಿಸಿದರು. ಗರ್ಭನಿರೋಧಕಗಳ ವಿಷಯದಲ್ಲೂ 1920ರಲ್ಲಿ ಖಂಡಿಸಿದ್ದನ್ನು 1930ರಲ್ಲಿ ಮಿತಿಯೊಳಗೆ ಒಪ್ಪಿದರು.

ದೇವದಾಸ_ಗದಗ:
1988ರ ನಿರ್ಣಯ ಬಹುಪತ್ನಿತ್ವವನ್ನು ಆಶೀರ್ವದಿಸಲಿಲ್ಲ. ಏಕಪತ್ನೀತ್ವವೇ ದೇವರ ಯೋಜನೆ ಎಂದು ಅದೇ ನಿರ್ಣಯ ಎತ್ತಿಹಿಡಿಯಿತು. ನಿಮ್ಮ ಉದಾಹರಣೆ ನನ್ನ ವಾದವನ್ನೇ ಬಲಪಡಿಸುತ್ತದೆ.

ಹುಬ್ಬಳ್ಳಿ_ನಿರ್ಮಲ:
ಇಲ್ಲ, ಆದರ್ಶವನ್ನು ಬಿಡದೆಯೂ ಮನುಷ್ಯರನ್ನು ಒಳಗೆ ಇಟ್ಟುಕೊಳ್ಳುವ ದಾರಿಯೊಂದಿದೆ ಎಂಬುದನ್ನು ಅದು ತೋರಿಸುತ್ತದೆ. ಆ ದಾರಿಯನ್ನು ಗಂಡಸರಿಗಾಗಿ ತೆರೆದವರು ಸಲಿಂಗ ಜೋಡಿಗಳಿಗೆ ಏಕೆ ಮುಚ್ಚಬೇಕು?

ಕಂಪಾಲ_ನೆನಪು:
ನಾನು ಕೆಲಸದ ನಿಮಿತ್ತ ಹಲವು ವರ್ಷ ಉಗಾಂಡಾದಲ್ಲಿದ್ದೆ. ಅಲ್ಲಿಯ ಕ್ರೈಸ್ತರಿಗೆ ಈ ವಿಷಯ ಕೇವಲ ವಚನಗಳ ಪ್ರಶ್ನೆಯಲ್ಲ ಎಂಬುದನ್ನು ಇಲ್ಲಿರುವವರು ತಿಳಿಯಬೇಕು. 1886ರ ಜೂನ್ 3ರಂದು ಕಬಾಕ ಮ್ವಾಂಗಾ ಎಂಬ ಅರಸನ ಅಪ್ಪಣೆಯಂತೆ ನಮುಗೊಂಗೊದಲ್ಲಿ ಅರಮನೆಯ ತರುಣ ಸೇವಕರನ್ನು ಜೀವಂತ ಸುಟ್ಟರು. ಆ ವರ್ಷಗಳಲ್ಲಿ ಪ್ರಾಣ ಕೊಟ್ಟವರಲ್ಲಿ 22 ಮಂದಿ ಕ್ಯಾಥೊಲಿಕರು, 23 ಮಂದಿ ಆಂಗ್ಲಿಕನ್ನರು. ಅರಸನ ಲೈಂಗಿಕ ಒತ್ತಾಯಕ್ಕೆ ಆ ಹುಡುಗರು ಮಣಿಯಲಿಲ್ಲವೆಂಬುದು ಅಲ್ಲಿಯ ಸಭೆಯ ಸ್ಮರಣೆಯಲ್ಲಿ ಆಳವಾಗಿ ಬೇರೂರಿದೆ. ಹೊಸ ಧರ್ಮದವರ ನಿಷ್ಠೆ ತನ್ನ ಕೈತಪ್ಪುತ್ತಿದೆ ಎಂಬ ಅರಸನ ರಾಜಕೀಯ ಭಯವೂ ಇದರಲ್ಲಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಪ್ರತಿ ವರ್ಷ ಜೂನ್ 3ರಂದು ಲಕ್ಷಾಂತರ ಜನ, ಕೆಲವರು ವಾರಗಟ್ಟಲೆ ನಡೆದು, ನಮುಗೊಂಗೊಗೆ ಬರುತ್ತಾರೆ. ಆ ಜನಕ್ಕೆ ನ್ಯೂ ಹ್ಯಾಂಪ್‌ಶೈರ್‌ನ ಸುದ್ದಿ ಹೇಗೆ ಕೇಳಿಸಿರಬಹುದೆಂದು ಊಹಿಸಿ.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. 2023ರಲ್ಲಿ ಉಗಾಂಡಾ ಮಾಡಿದ ಕಾನೂನಿನಲ್ಲಿ ಕೆಲವು ಪ್ರಕರಣಗಳಿಗೆ ಮರಣದಂಡನೆಯಿದೆ. ಅಲ್ಲಿಯ ಆರ್ಚ್‌ಬಿಷಪ್ ಸ್ಟೀಫನ್ ಕಾಜಿಂಬಾ ಮರಣದಂಡನೆಯ ಬದಲು ಜೀವಾವಧಿ ಶಿಕ್ಷೆ ಸಾಕೆಂದರೂ ಕಾನೂನನ್ನು ಸ್ವಾಗತಿಸಿದರು. ವೆಲ್ಬಿ ಅವರು ದುಃಖದಿಂದ ಪತ್ರ ಬರೆದರು. ಒತ್ತಾಯಕ್ಕೆ ಒಳಗಾದ ಹುಡುಗರ ನೆನಪನ್ನು, ಪರಸ್ಪರ ಒಪ್ಪಿ ಬಾಳುವ ಇಬ್ಬರನ್ನು ಜೈಲಿಗೆ ತಳ್ಳಲು ಬಳಸುವುದು ಆ ಹುತಾತ್ಮರಿಗೂ ಅನ್ಯಾಯ ಎಂದು ನಾನು ನಂಬುತ್ತೇನೆ.

ಸುಮತಿ_ಮೈಸೂರು:
ಈ ಕಾನೂನುಗಳ ಮೂಲ ಆಫ್ರಿಕಾದಲ್ಲಿಲ್ಲ ಎಂಬುದನ್ನೂ ಸೇರಿಸಿ. ನಮ್ಮ 377ನೆಯ ಕಲಂ 1860ರ ದಂಡಸಂಹಿತೆಯೊಡನೆ ಬಂದದ್ದು, ಅದೇ ವಸಾಹತು ಆಡಳಿತ ಆಫ್ರಿಕಾಕ್ಕೂ ಇಂಥವೇ ಕಲಂಗಳನ್ನು ಒಯ್ದಿತು. ನಮ್ಮ ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಆ ಕಲಂನಿಂದ ಹೊರಗಿಟ್ಟದ್ದು 2018ರ ಸೆಪ್ಟೆಂಬರ್ 6ರಂದು.

ಇತಿಹಾಸಪ್ರಿಯ:
ಪಾಪ ಮತ್ತು ಅಪರಾಧ ಎರಡೂ ಬೇರೆ ಎಂಬುದನ್ನು ಇಂಗ್ಲೆಂಡಿನ ಸಭೆ ಬಹಳ ಹಿಂದೆಯೇ ಒಪ್ಪಿಕೊಂಡಿತ್ತು. ವಯಸ್ಕರ ಖಾಸಗಿ ಸಲಿಂಗ ಸಂಬಂಧ ಅಪರಾಧವಾಗಬಾರದೆಂಬ 1957ರ ವುಲ್ಫೆಂಡನ್ ವರದಿಯ ಮುಖ್ಯ ಶಿಫಾರಸನ್ನು ಆರ್ಚ್‌ಬಿಷಪ್ ಫಿಶರ್ ಬೆಂಬಲಿಸಿದರು, 1967ರ ಕಾನೂನು ಬದಲಾವಣೆಗೆ ಆರ್ಚ್‌ಬಿಷಪ್ ರಾಮ್ಸೆ ಸಂಸತ್ತಿನಲ್ಲಿ ದನಿಗೂಡಿಸಿದರು. ಇಬ್ಬರೂ ಸಾಂಪ್ರದಾಯಿಕ ಬೋಧನೆಯನ್ನು ಬಿಟ್ಟವರಲ್ಲ. ದೇವದಾಸರೇ, ಗ್ಯಾಫ್‌ಕಾನಿನ ನಾಯಕರು ಕನಿಷ್ಠ ಇಷ್ಟನ್ನಾದರೂ ಹೇಳಬಾರದೇ?

ದೇವದಾಸ_ಗದಗ:
ಹೇಳಬೇಕು. ಜೈಲಿನ ವಿಷಯದಲ್ಲಿ ನಾನು ಕಾಜಿಂಬಾ ಅವರ ಪಕ್ಷದಲ್ಲಿಲ್ಲ. ಸಭೆಯ ಶಿಸ್ತಿಗೆ ಪೊಲೀಸರ ಅಗತ್ಯವಿಲ್ಲ.

ಹೆಸರು_ಬೇಡ:
ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ನಾನು ಸಿಎಸ್‌ಐ ಸಭೆಯೊಂದರ ಗಾಯನ ತಂಡದವನು, ಸಲಿಂಗಿ. ಮನೆಯವರಲ್ಲಿ ಒಬ್ಬರಿಗೆ ಮಾತ್ರ ಗೊತ್ತು. 2018ರ ತೀರ್ಪು ಬಂದ ವಾರ ನಮ್ಮ ಯುವಕೂಟದಲ್ಲಿ ಹಿರಿಯರೊಬ್ಬರು, ಇಂಥವರು ನಮ್ಮ ನಡುವೆ ಇಲ್ಲದಿರುವುದಕ್ಕೆ ದೇವರಿಗೆ ಸ್ತೋತ್ರ ಎಂದು ಪ್ರಾರ್ಥಿಸಿದರು. ಎಲ್ಲರ ಜೊತೆ ನಾನೂ ಆಮೆನ್ ಎಂದೆ.

ಇಲ್ಲಿ ಬರೆದಿರುವ ಬಹುತೇಕ ಮಾತು ನಮ್ಮ ಬಗ್ಗೆ, ನಮ್ಮೊಡನೆ ಅಲ್ಲ. ಪ್ರಗತಿಪರರ ಗೆಲುವಿಗೂ ಸಂಪ್ರದಾಯಸ್ಥರ ಗೆಲುವಿಗೂ ನಾವೇ ಸಾಕ್ಷ್ಯ. 2003ರಲ್ಲಿ ಇಂಗ್ಲೆಂಡಿನಲ್ಲಿ ಜೆಫ್ರಿ ಜಾನ್ ಅವರನ್ನು ರೆಡಿಂಗ್‌ನ ಬಿಷಪ್ ಎಂದು ಹೆಸರಿಸಿ, ಅವರು ಬ್ರಹ್ಮಚರ್ಯ ಪಾಲಿಸುತ್ತಿದ್ದೇನೆಂದು ಹೇಳಿದ ಮೇಲೂ ಒತ್ತಡ ಹಾಕಿ ಹಿಂದೆ ಸರಿಯುವಂತೆ ಮಾಡಿದರು. ನಿಯಮ ಪಾಲಿಸಿದವನಿಗೂ ಜಾಗವಿಲ್ಲದಿದ್ದರೆ ಆ ನಿಯಮದ ಅರ್ಥವೇನು ಎಂದು ದೇವದಾಸ ಅವರನ್ನು ಕೇಳುತ್ತೇನೆ. ಡೆಸ್ಮಂಡ್ ಟುಟು ಅವರ ಮಗಳು ಎಂಪೋ ಮಹಿಳೆಯನ್ನು ಮದುವೆಯಾದ ಕಾರಣ ದಕ್ಷಿಣ ಆಫ್ರಿಕಾದಲ್ಲಿ ಪಾದ್ರಿಯ ಅನುಮತಿಪತ್ರ ಕಳೆದುಕೊಂಡರು. 2022ರಲ್ಲಿ ಇಂಗ್ಲೆಂಡಿನಲ್ಲಿ ತಮ್ಮ ಜ್ಞಾನಪಿತನ ಅಂತ್ಯಸಂಸ್ಕಾರ ನಡೆಸಲೂ ಅವರಿಗೆ ಬಿಡಲಿಲ್ಲ. ಎರಡೂ ಖಂಡಗಳಲ್ಲಿ ಬಾಗಿಲು ಹಾಕಲು ಸಭೆಗೆ ಎಷ್ಟು ಸುಲಭವಾಯಿತು ನೋಡಿ.

ದೇವದಾಸ_ಗದಗ:
ಜೆಫ್ರಿ ಜಾನ್ ಅವರ ವಿಷಯದಲ್ಲಿ ವಿರೋಧಿಸಿದವರು ಹೇಳಿದ್ದು, ಅವರು ಸಭೆಯ ಬೋಧನೆ ಬದಲಾಗಬೇಕೆಂದು ಬಹಿರಂಗವಾಗಿ ವಾದಿಸಿದ್ದರು ಎಂದು. ಆದರೂ ನಿಮ್ಮ ಪ್ರಶ್ನೆಗೆ ಅದು ಪೂರ್ಣ ಉತ್ತರವಲ್ಲ, ಏಕೆಂದರೆ ಬೇರೆ ವಿಷಯಗಳಲ್ಲಿ ಬೋಧನೆಯನ್ನು ಪ್ರಶ್ನಿಸಿದ ಅನೇಕರು ಬಿಷಪ್ಪರಾಗಿದ್ದಾರೆ. ನಿಮ್ಮ ಯುವಕೂಟದ ಆ ಪ್ರಾರ್ಥನೆ ತಪ್ಪು. ನಾನು ಅಲ್ಲಿದ್ದಿದ್ದರೆ ಅದನ್ನು ಹೇಳುವ ಧೈರ್ಯ ನನಗಿರಬೇಕೆಂದು ಬಯಸುತ್ತೇನೆ. ಹಾಗೆಯೇ ಸಲಿಂಗ ಒಲವಿದ್ದೂ ಸಾಂಪ್ರದಾಯಿಕ ಬೋಧನೆಯಂತೆ ಒಂಟಿಯಾಗಿ ಬಾಳುವ ಪಾದ್ರಿಗಳು ಇಂಗ್ಲೆಂಡಿನಲ್ಲಿದ್ದಾರೆ. ಸಿನೊಡ್ಡಿನಲ್ಲಿ ಅವರು ಮಾತಾಡಿದಾಗ ಪ್ರಗತಿಪರರೂ ಕೇಳಿಸಿಕೊಳ್ಳಲಿಲ್ಲ. ಆಲಿಸುವುದಾದರೆ ಅವರನ್ನೂ ಆಲಿಸಬೇಕು.

ಹೆಸರು_ಬೇಡ:
ಖಂಡಿತ. ಅವರ ಆಯ್ಕೆ ಅವರದಾಗಿರುವವರೆಗೆ, ಅದನ್ನು ನನ್ನ ಮೇಲೆ ಹೇರದಿರುವವರೆಗೆ.

ಕಾನೂನು_ಓದುಗ:
ಬಿರುಕಿನ ಇನ್ನೊಂದು ಮುಖ ಆಸ್ತಿ. ಅಮೆರಿಕದಲ್ಲಿ ಬೇರೆಯಾದವರು 2009ರಲ್ಲಿ ತಮ್ಮದೇ ಸಭೆ ಕಟ್ಟಿದರು. ಕಟ್ಟಡ ಯಾರದೆಂಬ ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ವರ್ಜೀನಿಯಾದಲ್ಲಿ ಮೂಲ ಡಯಾಸಿಸ್ (ಬಿಷಪ್ಪರ ಆಡಳಿತ ವಲಯ) ಗೆದ್ದಿತು, ಟೆಕ್ಸಸ್‌ನ ಫೋರ್ಟ್‌ವರ್ತ್‌ನಲ್ಲಿ 2020ರಲ್ಲಿ ಬೇರೆಯಾದವರು ಗೆದ್ದರು. ನಮ್ಮಲ್ಲಿ ಸಭೆಯ ಆಸ್ತಿಯ ಜಗಳಗಳು ಎಷ್ಟಿವೆ ಎಂಬುದನ್ನು ಬಲ್ಲವರು ಒಡಕಿನ ಮಾತನ್ನು ಹಗುರವಾಗಿ ಆಡಬಾರದು.

ನೇತ್ರಾವತಿ_ತೀರ:
ಹಾಗಾದರೆ ಸಿಎಸ್‌ಐ ಎಲ್ಲಿ ನಿಲ್ಲಬೇಕು? ನಾವು ಆಂಗ್ಲಿಕನ್ ಬಳಗದಲ್ಲಿ ಮಾತ್ರವಲ್ಲ, ಮೆಥೊಡಿಸ್ಟರ ಮತ್ತು ಸುಧಾರಿತ ಸಭೆಗಳ ಜಾಗತಿಕ ಒಕ್ಕೂಟಗಳಲ್ಲೂ ಇದ್ದೇವೆ. ಬ್ರಿಟನ್ನಿನ ಮೆಥೊಡಿಸ್ಟರು 2021ರಲ್ಲೇ ಸಲಿಂಗ ಮದುವೆಯನ್ನು ಒಪ್ಪಿದ್ದಾರೆ, ಅಮೆರಿಕದ ಯುನೈಟೆಡ್ ಮೆಥೊಡಿಸ್ಟರು ಸಾವಿರಾರು ಸಭೆಗಳನ್ನು ಕಳೆದುಕೊಂಡ ಮೇಲೆ 2024ರಲ್ಲಿ ನಿಷೇಧಗಳನ್ನು ತೆಗೆದಿದ್ದಾರೆ. ಯಾವ ಬಾಗಿಲಿನಿಂದ ಹೊರಗೆ ಹೋದರೂ ಈ ಪ್ರಶ್ನೆ ಎದುರಿಗೆ ನಿಂತಿರುತ್ತದೆ.

ಹಳೆಯ_ಧಾರವಾಡ:
ಎಲ್ಲರೂ ಕ್ಯಾಂಟರ್ಬರಿಯತ್ತಲೋ ರುವಾಂಡದ ಕಿಗಾಲಿಯತ್ತಲೋ ನೋಡುತ್ತಿದ್ದೀರಿ. ನಮ್ಮ ಸಭೆಯ ಹುಟ್ಟನ್ನು ನೋಡಿ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ ಆರಂಭವಾದಾಗ ಆಂಗ್ಲಿಕನ್ನರಿಗೆ ಎದುರಾದದ್ದು ಇಂಥದೇ ಆತ್ಮಸಾಕ್ಷಿಯ ಪ್ರಶ್ನೆ. ಬಿಷಪ್ಪರಿಂದ ದೀಕ್ಷೆ ಪಡೆಯದ ಮೆಥೊಡಿಸ್ಟ್ ಅಥವಾ ಕಾಂಗ್ರಿಗೇಶನಲ್ ಸಭಾಪಾಲಕನು ಕೊಡುವ ಪ್ರಭುಭೋಜನ ಸಿಂಧುವೇ? ಇಂಗ್ಲೆಂಡಿನ ಹಲವರಿಗೆ ಇದು ಸಭೆಯ ಬುಡವನ್ನೇ ಕಡಿಯುವ ವಿಷಯವಾಗಿತ್ತು. ಈ ಐಕ್ಯವನ್ನು ಒಪ್ಪಿದರೆ ಹೊರಟುಹೋಗುತ್ತೇವೆ ಎಂದವರೂ ಇದ್ದರು. 1948ರ ಲ್ಯಾಂಬೆತ್ ನಮ್ಮ ವಿಷಯದಲ್ಲಿ ಒಮ್ಮತಕ್ಕೆ ಬರಲಾಗದೆ ಹೋಯಿತು. ಪೂರ್ಣ ಸದಸ್ಯತ್ವಕ್ಕೆ ನಾವು ದಶಕಗಳ ಕಾಲ ಕಾಯಬೇಕಾಯಿತು. ಅಂದು ಬಳಗದ ಅಂಚಿನಲ್ಲಿ ನಿಂತಿದ್ದವರು ನಾವು.

ಹಿರಿಯರು ಕಂಡುಕೊಂಡ ದಾರಿ ಹೀಗಿತ್ತು: ಹಳೆಯ ಸಭಾಪಾಲಕರೆಲ್ಲರೂ ಇದ್ದಂತೆಯೇ ಸೇವೆಯಲ್ಲಿ ಮುಂದುವರಿಯುತ್ತಾರೆ, ಹೊಸ ದೀಕ್ಷೆಗಳನ್ನು ಬಿಷಪ್ಪರು ಕೊಡುತ್ತಾರೆ, ಮೂವತ್ತು ವರ್ಷಗಳ ನಂತರ ಪ್ರಶ್ನೆಯನ್ನು ಮತ್ತೆ ನೋಡೋಣ, ಅಲ್ಲಿಯವರೆಗೆ ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಸಭಾಪಾಲಕನನ್ನು ಹೇರುವುದಿಲ್ಲ. ಅಷ್ಟಾದರೂ ನಂದ್ಯಾಲದ ಆಂಗ್ಲಿಕನ್ನರಲ್ಲಿ ಬಹಳ ಮಂದಿ ಹೊರಗೇ ಉಳಿದು, 1970ರ ದಶಕದಲ್ಲಿ ಸೇರಿದರು. ಅದೇ ನಂದ್ಯಾಲಕ್ಕೆ 2013ರಲ್ಲಿ ಪುಷ್ಪಲಲಿತಾ ಅವರು ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಆದರು. ಇಂಗ್ಲೆಂಡಿನ ಸಭೆ ಮಹಿಳೆಯರನ್ನು ಬಿಷಪ್ ಮಾಡಲು ಒಪ್ಪಿದ್ದು ಅದಕ್ಕೂ ಮುಂದಿನ ವರ್ಷ. ಹೇರದೆ, ಹೊರಹಾಕದೆ, ಕಾಯುವುದನ್ನು ನಾವು ಮಾಡಿ ತೋರಿಸಿದ್ದೇವೆ. ಈ ಅನುಭವವನ್ನು ಬಳಗದ ಮುಂದಿಡುವ ಹಕ್ಕು ನಮಗಿದೆ.

ದೇವದಾಸ_ಗದಗ:
ಹೋಲಿಕೆ ಆಕರ್ಷಕವಾಗಿದೆ, ಆದರೆ ಪೂರ್ಣವಾಗಿ ಹೊಂದುವುದಿಲ್ಲ. ಅಂದು ಮೂವತ್ತು ವರ್ಷಗಳಲ್ಲಿ ವ್ಯತ್ಯಾಸ ತಾನಾಗಿಯೇ ಕರಗುತ್ತದೆಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಇಲ್ಲಿ ಯಾರೂ ಕರಗಲು ಸಿದ್ಧರಿಲ್ಲ. ಪಾಪವೆಂದು ಒಬ್ಬರು ನಂಬಿರುವುದನ್ನು ಇನ್ನೊಬ್ಬರು ಆಶೀರ್ವದಿಸುವಾಗ ಕಾಯುವುದೆಂದರೆ ಒಪ್ಪಿಕೊಂಡಂತೆಯೇ ಆಗುತ್ತದೆ.

ಹೆಸರು_ಬೇಡ:
ಕಾಯುವುದರ ಬೆಲೆಯನ್ನು ತೆರುವವರು ನಾವು ಎಂಬುದನ್ನು ಧಾರವಾಡದ ಹಿರಿಯರೂ ಗಮನಿಸಬೇಕು. ಮೂವತ್ತು ವರ್ಷ ಎಂದರೆ ನನಗೆ ಅರವತ್ತಾಗಿರುತ್ತದೆ.

ಹಳೆಯ_ಧಾರವಾಡ:
ನಿಮ್ಮ ಮಾತು ನ್ಯಾಯವಾದದ್ದು. ಕಾಯುವ ಅವಧಿಯಲ್ಲಿ ಮಾತಾಡುವ ಹಕ್ಕು ನಿಮಗಿಲ್ಲದಿದ್ದರೆ ಅದನ್ನು ಸಹನೆ ಎನ್ನಲಾಗದು. 1947ರ ಒಪ್ಪಂದ ಸಾಧ್ಯವಾದದ್ದು ಮೆಥೊಡಿಸ್ಟರೂ ಕಾಂಗ್ರಿಗೇಶನಲ್‌ನವರೂ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅದೇ ಮೇಜಿನ ಸುತ್ತ ಕುಳಿತು ಮಾತಾಡಿದ್ದರಿಂದ.

ನೇತ್ರಾವತಿ_ತೀರ:
ಹಾಗಾದರೆ ನಾನು ಕೇಳಬೇಕಾದ್ದು ಗ್ಯಾಫ್‌ಕಾನಿನ ವಿಷಯವನ್ನಲ್ಲ. ನಮ್ಮ ಮಹಿಳಾ ಅನ್ಯೋನ್ಯ ಸಂಘದ ಮುಂದಿನ ಅಧ್ಯಯನಕ್ಕೆ 1.10ರ ಪೂರ್ಣ ಪಾಠವನ್ನು, ಎರಡೂ ಅರ್ಧಗಳನ್ನು, ಕನ್ನಡದಲ್ಲಿ ಸಿದ್ಧಮಾಡಬೇಕೆಂದಿದ್ದೇನೆ. ಕಾನೂನು_ಓದುಗ ಅವರು ಕರಡನ್ನು ನೋಡಿಕೊಟ್ಟರೆ ಉಪಕಾರವಾಗುತ್ತದೆ.

ಕಾನೂನು_ಓದುಗ:
ಕಳುಹಿಸಿ, ನೋಡುತ್ತೇನೆ.

ದೇವದಾಸ_ಗದಗ:
ನನಗೂ ಒಂದು ಪ್ರತಿ ಬೇಕು. ಮತ್ತಾಯ 19ನ್ನೂ ಅದೇ ಅಧ್ಯಯನದಲ್ಲಿ ಸೇರಿಸಬೇಕೆಂಬುದು ನನ್ನ ಒತ್ತಾಯ.

ಹೆಸರು_ಬೇಡ:
ಸೇರಿಸಿ. ಅಪೊಸ್ತಲರ ಕೃತ್ಯಗಳು 15ನೆಯ ಅಧ್ಯಾಯವನ್ನೂ ಸೇರಿಸಿ. ಸುನ್ನತಿಯಿಲ್ಲದವರನ್ನು ಸಭೆಗೆ ಸೇರಿಸಬಹುದೇ ಎಂಬ ದೊಡ್ಡ ವಾಗ್ವಾದ ಯೆರೂಸಲೇಮಿನಲ್ಲಿ ನಡೆದಾಗ, ತೀರ್ಮಾನಕ್ಕೆ ಮೊದಲು ಸರ್ವರೂ ಸುಮ್ಮನಾಗಿ, ಅನ್ಯಜನರ ನಡುವೆ ಕಂಡದ್ದನ್ನು ಬಾರ್ನಬನೂ ಪೌಲನೂ ವಿವರಿಸಿದ್ದನ್ನು ಕೇಳಿದರೆಂದು ಅಲ್ಲಿದೆ.